ಮೂರನೇ ಚಪ್ಪಾಳೆ

ಇಲ್ಲ ಸ್ವಾಮಿ, ಕಳೆದುಹೋಗಿಲ್ಲ. ಚೀಲ ಎಲ್ಲಿ, ಚೀಲ ಎಲ್ಲಿ ಅಂತ ಈ ದಾರೀಲಿ ಬಂದವರೆಲ್ಲ ಕೇಳ್ತೀರಿ. ಒಲೆಗೆ ಹಾಕಿದೆ. ಒಳ್ಳೇ ಹತ್ತಿ, ಚೆನ್ನಾಗಿ ಉರೀತು. ಅದರಲ್ಲಿ ಒಂದು ಲೋಟ ನೀರೂ ಕಾಯಲಿಲ್ಲ ಅನ್ನೋದು ಬೇರೆ ಮಾತು. ಕೈ ಬರಿದಾಗಿದೆ, ನೋಡಿಕೊಳ್ಳಿ. ಇನ್ನು ಮೇಲೆ ಹೀಗೇ ಇರುತ್ತೆ. ಯಾರಿಗೆ ಬೇಕಾದರೂ ಹೋಗಿ ಹೇಳಿ.

ನೀವು ಆಚೆ ಊರಿನವರು. ನಿಮಗೆ ಮೊದಲಿಂದ ಹೇಳಬೇಕು.

ನಮ್ಮೂರು ಗುಡ್ಡದ ಮೇಲೆ ಸಾಲು ಸಾಲಾಗಿ ಕೂತಿದೆ. ಕೆಳಗೆ ಹೊಳೆ. ಮೇಲೆ ಗಾಲಿ. ನಡುವೆ ನಾವು. ಹೊಳೆಯಲ್ಲಿ ಒಂದು ತೆಪ್ಪ, ತೆಪ್ಪಕ್ಕೆ ಒಂದು ಹಗ್ಗ, ಹಗ್ಗದ ಇನ್ನೊಂದು ತುದಿ ಗಾಲಿಗೆ. ಹರಿವು ತೆಪ್ಪವನ್ನ ಒಯ್ಯುತ್ತೆ, ಗಾಲಿ ತೆಪ್ಪವನ್ನ ತರುತ್ತೆ. ಆ ಹಗ್ಗ ಎಷ್ಟು ಭಾರ ಅಂದ್ರೆ, ಗಾಲಿ ಬಿಟ್ಟು ಬೇರೆ ಯಾರು ಜಗ್ಗಿದರೂ ಜಗ್ಗಿದವರ ಸೊಂಟ ಬರುತ್ತೆ, ಹಗ್ಗ ಬರಲ್ಲ. ಆದರೆ ಗಾಲಿಯವನಿಗೆ ಹೊಳೆ ಕಾಣಲ್ಲ. ನಮ್ಮ ಗುಡ್ಡಕ್ಕೆ ಹೊಟ್ಟೆ ಬಂದಿದೆ, ಅಡ್ಡ ಬರುತ್ತೆ. ಹಾಗಾಗಿ ಹೊಳೆಯ ಸುದ್ದಿ ನಮ್ಮ ಕೈಮೇಲೆ ಹತ್ತಿಕೊಂಡು ಹೋಗಬೇಕು. ತೆಪ್ಪ ಹತ್ತಿದವರು ಚಪ್ಪಾಳೆ ತಟ್ಟಿ ಕರೀತಾರೆ, ಒಬ್ಬರಿಗೆ ಒಂದೇ ಚಪ್ಪಾಳೆ, ದಡದಲ್ಲಿ ಕಾವಲಿರೋಳು ತನ್ನದೊಂದು ಸೇರಿಸ್ತಾಳೆ.

ಪ್ರತಿಯೊಬ್ಬರಿಗೂ ಒಂದು ಕಲ್ಲು. ಕಲ್ಲಿನ ಮೇಲೆ ಕೂರಬೇಕು. ಮುಖ ಗುಡ್ಡಕ್ಕೆ, ಬೆನ್ನು ಹೊಳೆಗೆ. ತಿರುಗಿ ನೋಡೋ ಹಾಗಿಲ್ಲ. ಬೆನ್ನ ಹಿಂದಿಂದ ಚಪ್ಪಾಳೆ ಬರುತ್ತೆ. ಒಂದು ಉಸಿರಿನೊಳಗೆ ಮೂರು ಕೇಳಿದರೆ ನೀನೂ ತಟ್ಟಬೇಕು. ಎರಡೇ ಕೇಳಿದರೆ ಸುಮ್ಮನಿರಬೇಕು. ಉಸಿರು ಬಿಟ್ಟರೆ ಎಣಿಸಿದ್ದನ್ನ ಮರೀಬೇಕು. ತಟ್ಟಿದ ಮೇಲೆ ಅಂಗೈಯನ್ನ ಕಲ್ಲಿಗೆ ಒತ್ತಬೇಕು. ಅಂಗೈ ತಣ್ಣಗಾಗೋ ತನಕ ಆಕಾಶವೇ ಕಳಚಿ ಬಿದ್ದರೂ ಇನ್ನೊಂದು ಸಲ ತಟ್ಟೋ ಹಾಗಿಲ್ಲ. ಕೆಳಗಿನವರು ತಟ್ಟಿದರೆ ನಾವು. ನಾವು ತಟ್ಟಿದರೆ ಮೇಲಿನವರು. ಮೇಲಿನವರು ತಟ್ಟಿದರೆ ಅವರ ಮೇಲಿನವರು. ಎಲ್ಲಕ್ಕೂ ಮೇಲೆ ಗಾಲಿಯವನು. ಚಪ್ಪಾಳೆ ಅಲ್ಲೊಂದು ಇಲ್ಲೊಂದು ತೆಳ್ಳಗೆ ಬಂದರೆ, ತೆಪ್ಪದಲ್ಲಿ ಒಬ್ಬರೇ, ಮೆಲ್ಲಗೆ ತಿರುಗಿಸು. ದಟ್ಟವಾಗಿ ಬಂದರೆ ಮದುವೆ ದಿಬ್ಬಣ, ಹೆಗಲು ಕೊಡು. ಇಷ್ಟೇ ಅವನ ಓದು.

ಯಾಕೆ ತಿರುಗಿ ನೋಡಬಾರದು ಅಂತ ಕೇಳ್ತೀರಿ. ಎಲ್ಲರೂ ತಿರುಗಿ ಹೊಳೆ ನೋಡ್ತಾ ಕೂತರೆ ತಟ್ಟೋರು ಯಾರು ಅಂದಿದ್ದಾರೆ ಹಿರಿಯರು. ಸರಿಯಾಗೇ ಅಂದಿದ್ದಾರೆ. ಹೊಳೆ ಚೆನ್ನಾಗಿದೆ.

ನನ್ನ ಕಲ್ಲು ಮೊದಲನೇ ಸಾಲಲ್ಲಿ, ಎಲ್ಲಕ್ಕೂ ಕೆಳಗೆ. ಎಡಗಡೆ ಹೊಗೆಸೊಪ್ಪಿನವನು, ಬಲಗಡೆ ರೊಟ್ಟಿಯವಳು. ಎರಡನೇ ಸಾಲಲ್ಲಿ, ನನ್ನ ಎದುರಿಗೇ, ನನ್ನ ಹೆಂಡತಿ. ದಿನವಿಡೀ ನಾನು ನೋಡೋದು ಅವಳ ಬೆನ್ನು. ಸಂಸಾರ ನಿಭಾಯಿಸೋಕೆ ಇದಕ್ಕಿಂತ ಒಳ್ಳೇ ಏರ್ಪಾಡು ನಾನು ಕಂಡಿಲ್ಲ.

ಈಗ ಗದ್ದಲದ ವಿಷಯ. ಹೊಳೆ ಪಕ್ಕದ ಊರು, ಸೊಳ್ಳೆ ಇರ್ತವೆ. ಸೊಳ್ಳೆ ಕೂತರೆ ಹೊಡೀತೀವಿ. ಚಟ್! ಹೊಗೆಸೊಪ್ಪಿನವನು ಅಂಗೈಯಲ್ಲಿ ಸುಣ್ಣ ಹಾಕಿ ತಿಕ್ಕಿ, ಧೂಳು ಹಾರಿಸೋಕೆ ಒಂದು ಏಟು ಕೊಡ್ತಾನೆ. ಚಟ್! ರೊಟ್ಟಿಯವಳು ಮಡಿಲಲ್ಲಿ ಹಲಗೆ ಇಟ್ಟುಕೊಂಡು ಸಂಜೆಯ ರೊಟ್ಟಿ ತಟ್ಟಿಕೋತಾಳೆ. ಮೂರನೇ ಸಾಲಿನ ತಾಯಿ ಮಗುವನ್ನ ತಟ್ಟಿ ಮಲಗಿಸ್ತಾಳೆ. ನಾಲ್ಕನೇ ಸಾಲಲ್ಲಿ ಒಬ್ಬ ತಾನು ಹೇಳಿದ ಹಾಸ್ಯಕ್ಕೆ ತಾನೇ ತೊಡೆ ತಟ್ಟಿ ನಗ್ತಾನೆ. ತಿರುಗಿ ನೋಡೋ ಹಾಗಿಲ್ಲವಲ್ಲ, ಕಿವಿಗೆ ಎಲ್ಲ ಒಂದೇ. ಚಪ್ಪಾಳೆ ಯಾವುದು, ಸೊಳ್ಳೆ ಯಾವುದು, ರೊಟ್ಟಿ ಯಾವುದು, ಯಾರು ಬಲ್ಲರು? ಎಲ್ಲವನ್ನೂ ಎಣಿಸ್ತಿದ್ದೆವು. ಹೇಗೋ ತೆಪ್ಪ ಬರ್ತಿತ್ತು, ಹೋಗ್ತಿತ್ತು. ಒಮ್ಮೊಮ್ಮೆ ಯಾರೂ ಕರೆಯದೇ ಬರ್ತಿತ್ತು. ಬಂದವರಿಗೆ ಬೇಡ ಅನ್ನಬಾರದು ಅಂತ ಸುಮ್ಮನಿರ್ತಿದ್ದೆವು.

ಹೋದ ವರ್ಷ ಸೊಳ್ಳೆ ವಿಪರೀತ ಆಯ್ತು. ಊರಿಗೆ ಊರೇ ಹೊಡ್ಕೋತಿತ್ತು. ಗಾಲಿ ಹಗಲೆಲ್ಲ ತಿರುಗಿದ್ದೇ ತಿರುಗಿದ್ದು, ಬರೀ ತೆಪ್ಪ ಹೋಗಿ ಬಂದಿದ್ದೇ ಬಂದಿದ್ದು. ಊರಿನ ಹಿರಿಯರೊಬ್ಬರು ಒಂದು ಕಾಲು ತೆಪ್ಪದಲ್ಲಿ, ಇನ್ನೊಂದು ಕಾಲು ದಡದಲ್ಲಿ ಇಟ್ಟಿದ್ದಾಗ ತೆಪ್ಪ ಹೊರಟುಬಿಡ್ತು. ಹಿರಿಯರು ಎರಡೂ ಕಡೆಗೆ ನಿಷ್ಠರಾಗಿರೋಕೆ ಆದಷ್ಟು ಪ್ರಯತ್ನ ಪಟ್ಟರು. ಅವರನ್ನ ನೀರಿಂದ ಎತ್ತಿದ ಮೇಲೆ ಮೊದಲು ಆಡಿದ ಮಾತೇ ಇದು: "ಈ ಗದ್ದಲ ನಿಲ್ಲಬೇಕು."

ಹಾಗೆ ಬಂದವನು ಮೌನಗಾರ.

ಕೆಟ್ಟವನಲ್ಲ, ಪಾಪ. ಮೆಲ್ಲಗೆ ನಡೀತಿದ್ದ, ಮೆಲ್ಲಗೆ ಮಾತಾಡ್ತಿದ್ದ, ಕೋಲಿನ ತುದಿಗೂ ಹತ್ತಿ ಸುತ್ತಿದ್ದ. ಬೆಳಿಗ್ಗೆ ಸಂಜೆ ಬೇವಿನ ಹೊಗೆ ಹಾಕಿಸಿದ, ಸೊಳ್ಳೆ ಹೋದವು. ಕೆಮ್ಮೋರಿಗೆ ಜೇಷ್ಠಮಧು ಕೊಟ್ಟ, ಕೆಮ್ಮು ಹೋಯ್ತು. ಹೊಗೆಸೊಪ್ಪು ಮನೆಯಲ್ಲಿ, ರೊಟ್ಟಿ ಮನೆಯಲ್ಲಿ, ಮಗುವನ್ನ ತೂಗಬೇಕು, ತಟ್ಟಬಾರದು. ತೊಡೆ ತಟ್ಟಿ ನಗೋನಿಗೆ ಹಾಸ್ಯ ಹೇಳಬೇಡ ಅಂದ. ಅದೊಂದು ಉಪಕಾರವೇ ಆಯ್ತು. ಕೊನೆಗೆ ಎಲ್ಲರಿಗೂ ಒಂದೊಂದು ಹತ್ತಿಯ ಚೀಲ. ಸುಮ್ಮನೆ ಕೂತಿರುವಾಗ ಎರಡೂ ಕೈ ಅದರೊಳಗೆ, ಬಾಯಿಗೆ ದಾರದ ಗಂಟು. ಮೂರನೇ ಚಪ್ಪಾಳೆ ಕೇಳಿದಾಗ ಮಾತ್ರ ಕೈ ಹೊರಗೆ. ನನ್ನ ಹೆಂಡತಿಗೆ ನಿಯಮ ಅಂದರೆ ಪ್ರಾಣ. ಅವಳು ತನ್ನ ಚೀಲದ ಮೇಲೆ ಎರಡು ಗಿಳಿ ಕಸೂತಿ ಹಾಕಿದಳು. ನಂದರ ಮೇಲೆ ಹಾಕು ಅಂದೆ. "ನಿಮ್ಮ ಕೈಯಲ್ಲಿ ಗಿಳಿ ಬದುಕಲ್ಲ ಕಣ್ರೀ" ಅಂದಳು.

ಊರು ಸುಮ್ಮನಾಯ್ತು. ಎಷ್ಟು ಸುಮ್ಮನಾಯ್ತು ಅಂದ್ರೆ, ಪಕ್ಕದವರ ರೆಪ್ಪೆ ಬಡಿಯೋದು ಕೇಳಿಸ್ತಿತ್ತು.

ಸುಮ್ಮನಾದ ಮೇಲೆ ಒಂದು ಚಂದ ಕಾಣಿಸಿತು, ಸುಳ್ಳು ಹೇಳಬಾರದು. ಕೆಳಗೆ ಮೂರು ಚಪ್ಪಾಳೆ ಬಿದ್ದವೋ, ಮೊದಲನೇ ಸಾಲಿನ ನಾವೆಲ್ಲ ಒಟ್ಟಿಗೇ ಗಂಟು ಬಿಚ್ಚಿ ಒಟ್ಟಿಗೇ ತಟ್ಟಿದೆವು. ನಮ್ಮದು ಕೇಳಿ ಎರಡನೇ ಸಾಲು ಒಟ್ಟಿಗೇ. ಅವರದು ಕೇಳಿ ಮೂರನೇ ಸಾಲು ಒಟ್ಟಿಗೇ. ಧಡ್! ಧಡ್! ಧಡ್! ಗುಡ್ಡಕ್ಕೆ ಗುಡ್ಡವೇ ಒಂದು ಕೈ. ಮೌನಗಾರನ ಕಣ್ಣಲ್ಲಿ ನೀರು ಬಂತು. "ಊರು ಅಂದರೆ ಹೀಗಿರಬೇಕು" ಅಂದ.

ಕಷ್ಟ ಏನಂದ್ರೆ, ಮೂವರು ಕರೆದರೂ ಧಡ್, ಮುನ್ನೂರು ಜನ ಕರೆದರೂ ಧಡ್. ತೆಳ್ಳಗೆ ದಟ್ಟಗೆ ಅನ್ನೋದೇ ಹೋಯ್ತು. ಗಾಲಿಯವನಿಗೆ ಎಲ್ಲ ದಿನವೂ ಮದುವೆ. ಒಂದು ದಿನ ಮೊಸರಿನವಳು, ಜೊತೆಗೆ ಅವಳ ಸೊಸೆ, ಇಬ್ಬರೇ ಆಚೆಯಿಂದ ತೆಪ್ಪ ಹತ್ತಿದರು. ಅವರ ಎರಡು ಚಪ್ಪಾಳೆ, ದಡದಲ್ಲಿ ಕಾವಲಿರೋ ದಡದವಳದ್ದು ಒಂದು, ಮೂರಾಯ್ತು. ಧಡ್! ಗಾಲಿಯವನು ದಿಬ್ಬಣ ಅಂತ ಹೆಗಲು ಕೊಟ್ಟ. ತೆಪ್ಪ ನೀರಿನ ಮೇಲೆ ಹರೀಲಿಲ್ಲ, ಕುಪ್ಪಳಿಸಿತು. ಮೊಸರು ಹೊತ್ತು ತೆಪ್ಪ ಹತ್ತಿದವಳು, ಬೆಣ್ಣೆ ಬೇರೆ ಮಜ್ಜಿಗೆ ಬೇರೆ ಮಾಡಿಕೊಂಡು ಇಳಿದಳು. "ಕಡೆಯೋ ಕೆಲಸ ಉಳೀತಲ್ಲಮ್ಮ" ಅಂತ ಮೌನಗಾರ ಸಮಾಧಾನ ಹೇಳಿದ. ಅವಳು ಏನು ಹೇಳಿದಳು ಅನ್ನೋದು ಹೊಳೆಯ ಆಚೆಗೂ ಕೇಳಿಸ್ತು, ಈಚೆಗೂ ಕೇಳಿಸ್ತು.

ಅದನ್ನೂ ಸಹಿಸಿಕೊಂಡೆವು. ನನಗೆ ಸಹಿಸೋಕಾಗದೇ ಇದ್ದದ್ದು ಇನ್ನೊಂದು.

ನನಗೊಬ್ಬಳು ಅಕ್ಕ ಇದ್ದಾಳೆ. ಹೊಳೆಯ ನಡುವೆ ಒಂದು ಮರಳು ದಿಬ್ಬ ಇದೆ, ಅಲ್ಲಿ ಜೊಂಡು ಬೆಳೆಯುತ್ತೆ. ಅಕ್ಕ ಬೆಳಿಗ್ಗೆ ತೆಪ್ಪದಲ್ಲಿ ಹೋಗಿ ಜೊಂಡು ಕೊಯ್ದು, ಸಂಜೆಗೆ ವಾಪಸ್ಸು ಬಂದು ಚಾಪೆ ಹೆಣೀತಾಳೆ. ಆ ದಿಬ್ಬಕ್ಕೆ ಇನ್ನು ಯಾರೂ ಹೋಗಲ್ಲ. ಸಂಜೆ ಅವಳದ್ದು ಒಂದು ಚಪ್ಪಾಳೆ, ದಡದವಳದ್ದು ಒಂದು. ಎರಡು. ಗದ್ದಲದ ಕಾಲದಲ್ಲಿ ಮೂರನೇದನ್ನ ಯಾವುದೋ ಒಂದು ಸೊಳ್ಳೆ ಕೊಡ್ತಿತ್ತು. ಈಗ ಕೊಡೋರಿಲ್ಲ. ಎರಡು ಎರಡಾಗೇ ಉಳೀತಿತ್ತು. ಅಕ್ಕ ಕಾದು ಕಾದು, ದಾರಿಹೋಕ ಯಾರಾದರೂ ದಡಕ್ಕೆ ಬಂದು ಇನ್ನೊಂದು ತಟ್ಟಿದ ಮೇಲೆ, ದಿಬ್ಬಣದ ವೇಗದಲ್ಲಿ ಬಂದು ಬೀಳ್ತಿದ್ದಳು. ಒಂದು ದಿನ ಜೊತೆಗೆ ಮೇಕೆ ಕರ್ಕೊಂಡು ಹೋದಳು. ಮೇಕೆಗೆ ತಟ್ಟೋಕೆ ಬರಲಿಲ್ಲ. ಜೊಂಡು ಮಾತ್ರ ತಿಂದುಬಿಡ್ತು.

ನಾನು ಗುಡ್ಡ ಹತ್ತಿ ಗಾಲಿಯವನ ಹತ್ತಿರ ಹೋದೆ.

"ಅಣ್ಣಾ, ಸಂಜೆ ಹೊತ್ತಿಗೆ ನಮ್ಮಕ್ಕನಿಗೆ ಒಂದು ಸಲ ಮೆಲ್ಲಗೆ ತಿರುಗಿಸಿಬಿಡು. ಚಪ್ಪಾಳೆ ಬರದಿದ್ದರೂ."

"ಚಪ್ಪಾಳೆ ಬರದೇ ಹೇಗೆ ತಿರುಗಿಸಲಿ?"

"ನಾನು ಬಾಯಲ್ಲಿ ಹೇಳ್ತಾ ಇದ್ದೀನಲ್ಲ."

"ಬಾಯಲ್ಲಿ ಹೇಳಿದ್ದಕ್ಕೆಲ್ಲ ತಿರುಗಿಸೋಕೆ ಶುರು ಮಾಡಿದರೆ, ಈ ಊರಲ್ಲಿ ಎಷ್ಟು ಬಾಯಿ ಇವೆ ಗೊತ್ತಾ ನಿನಗೆ?" ಅಂದ. ನನಗೆ ಗೊತ್ತಿತ್ತು. ಇಳಿದು ಬಂದೆ.

ಮೌನಗಾರನ ಹತ್ತಿರ ಹೋದೆ. "ಎರಡು ಎರಡೇ" ಅಂದ. "ನಿಮ್ಮಕ್ಕನಿಗೆ ಅಂತ ಎರಡನ್ನ ಮೂರು ಮಾಡೋಕಾಗುತ್ತಾ?"

"ಸೊಳ್ಳೆಗಳು ಮಾಡ್ತಿದ್ದವು" ಅಂದೆ.

"ಸೊಳ್ಳೆಗಳೇ ಹಿರಿಯರನ್ನ ನೀರಿಗೂ ಹಾಕಿದ್ದವು" ಅಂದ. ಅದೂ ನಿಜ.

ಆಮೇಲೆ ಆ ಸಂಜೆ ಬಂತು. ಮೇಲ್ಸೀಮೆಯಲ್ಲಿ ಮಳೆ ಬಿದ್ದಿತ್ತು ಅನ್ನಿಸುತ್ತೆ. ಬೆನ್ನ ಹಿಂದೆ ಹೊಳೆಯ ದನಿ ದಪ್ಪ ಆಯ್ತು. ಕೆಳಗಿನ ಪಾವಟಿಗೆಗೆ ನೀರು ಬಡಿಯೋ ಸದ್ದು ಬಂತು. ಪಾವಟಿಗೆಗೆ ನೀರು ಬಡಿದರೆ ದಿಬ್ಬದಲ್ಲಿ ಮೊಣಕಾಲುದ್ದ ಅಂತ ಲೆಕ್ಕ. ಅಷ್ಟು ಸೆಳೆತ ಇದ್ದರೆ ಮೊಣಕಾಲಿಂದ ಕುತ್ತಿಗೆ ದೂರ ಇಲ್ಲ.

ಚಟ್. ಚಟ್.

ಎರಡು. ಒಂದು ದಡದವಳದ್ದು. ಇನ್ನೊಂದು, ಒದ್ದೆ ಬಟ್ಟೆ ಒಗೆದ ಹಾಗೆ, ಜೊಂಡು ಕೊಯ್ದು ಕೊಯ್ದು ಗಡುಸಾದ ಅಂಗೈಯದ್ದು. ಉಸಿರು ಬಿಟ್ಟೆ. ಮರೆತೆ.

ಚಟ್. ಚಟ್.

"ಅದು ನಿಮ್ಮಕ್ಕ ಅಲ್ವೇನಣ್ಣಾ?" ಹೊಗೆಸೊಪ್ಪಿನವನು ತುಟಿ ಅಲ್ಲಾಡಿಸದೇ ಕೇಳಿದ.

"ಹೂಂ."

"ಎರಡೇ ಬರ್ತಾ ಇದೆ."

"ಹೂಂ."

"ಇನ್ನೊಂದು ಬೇಕಿತ್ತು."

"ಲೆಕ್ಕ ನನಗೂ ಬರುತ್ತೆ ಕಣಯ್ಯ."

ಚಟ್. ಚಟ್. ಸ್ವಲ್ಪ ಬೇಗ ಬೇಗ ಬರೋಕೆ ಶುರುವಾಯ್ತು. ನಾನು ಗಂಟು ಬಿಚ್ಚಿದೆ. ಕೈ ಹೊರಗೆ ತೆಗೆದು ನನ್ನ ಕುತ್ತಿಗೆಗೆ ನಾನೇ ಒಂದು ಬಿಟ್ಟೆ. ಚಟ್!

ಹತ್ತಿ ಸುತ್ತಿದ ಕೋಲು ಪಕ್ಕದಲ್ಲೇ ಬಂದು ನಿಂತಿತು. "ಏನದು?"

"ಸೊಳ್ಳೆ."

"ಊರಲ್ಲಿ ಸೊಳ್ಳೆ ಇಲ್ಲ."

"ಆಚೆ ಊರಿಂದ ಬಂದಿರಬೇಕು."

"ಎಲ್ಲಿ, ಸತ್ತಿದ್ದನ್ನ ತೋರಿಸು."

"ತಪ್ಪಿಸಿಕೊಳ್ತು. ಇರಿ, ಇನ್ನೊಂದು ಸಲ ನೋಡ್ತೀನಿ." ಚಟ್!

ಅಕ್ಕನದೊಂದು, ದಡದವಳದ್ದೊಂದು, ನನ್ನದೊಂದು. ಹೊಗೆಸೊಪ್ಪಿನವನಿಗೆ ಮೂರು ಕೇಳಿಸಿತು. ಗಂಟು ಬಿಚ್ಚೋಕೆ ಶುರು ಮಾಡಿದ. ಆದರೆ ನನ್ನದು ಬಿದ್ದಿದ್ದೇ ಉಸಿರಿನ ಕೊನೆಗೆ, ಮೌನಗಾರ ಕಟ್ಟಿಸಿದ ಗಂಟು ಅಷ್ಟರಲ್ಲಿ ಬಿಚ್ಚಲ್ಲ. ಅವನ ಕೈ ಹೊರಗೆ ಬರೋ ಹೊತ್ತಿಗೆ ಉಸಿರು ಮುಗಿದಿತ್ತು, ಎಣಿಕೆ ಸತ್ತಿತ್ತು. ಒಬ್ಬನ ಸೊಳ್ಳೆ ಸಾಕಾಗ್ತಿರಲಿಲ್ಲ.

ಹೊಗೆಸೊಪ್ಪಿನವನು ಹೊರಗೆ ಬಂದ ಕೈ ನೋಡಿದ. ಮೌನಗಾರನ ಮುಖ ನೋಡಿದ. ಸೊಂಟದಿಂದ ಡಬ್ಬಿ ತೆಗೆದ. "ಕೈ ಹೇಗೂ ಹೊರಗೆ ಬಂದಿದೆ" ಅಂದ. ಸುಣ್ಣ ಹಾಕಿದ, ತಿಕ್ಕಿದ, ಏಟು ಕೊಟ್ಟ. ಚಟ್!

"ಡಬ್ಬಿ ಒಳಗಿಡಯ್ಯ!"

"ಇಡ್ತೀನಿ ಸ್ವಾಮಿ. ಧೂಳು ಹಾರಲಿ." ಚಟ್!

ಬಲಗಡೆಯಿಂದ ರೊಟ್ಟಿಯವಳು, "ನನ್ನ ಹಿಟ್ಟು ಹುಳಿಯಾಗ್ತಾ ಇದೆ" ಅಂದಳು. ಹಿಟ್ಟು ಎಲ್ಲಿತ್ತೋ, ಸೆರಗಿನ ಒಳಗಿಂದ ಬಂತು. ಅಷ್ಟು ದಿನವೂ ಕಟ್ಟಿಕೊಂಡೇ ಬರ್ತಿದ್ದಳೋ ಏನೋ. ಪಟ ಪಟ, ಪಟ ಪಟ.

"ಏನಮ್ಮಾ ಇದು!" ಮೌನಗಾರ ಅತ್ತ ಓಡಿದ. ಇತ್ತ ನಾನು ತೊಡೆ ಮೇಲೊಂದು ಹೊಡೆದೆ. ಇತ್ತ ಓಡಿಬಂದ. ಅತ್ತ ಪಟ ಪಟ. ಮೆಲ್ಲಗೆ ನಡೆಯೋ ಮನುಷ್ಯ ಓಡಿದರೆ ಅವನ ಚಪ್ಪಲಿಯೂ ಚಟ ಚಟ ಅನ್ನುತ್ತೆ. ಅದನ್ನೂ ಎಣಿಸಿಕೊಂಡೆವು.

ಸಾಲೆಲ್ಲ ಸಡಿಲ ಆಯ್ತು. ಅಲ್ಲೊಬ್ಬ ಹೊಡ್ಕೊಂಡ, ಇಲ್ಲೊಬ್ಬಳು ಕೊಡವಿಕೊಂಡಳು. ಅಕ್ಕ ತಟ್ಟದೇ ಇದ್ದಾಗ ಅದು ಬರೀ ಚದುರಿದ ಹನಿ. ಅಕ್ಕ ತಟ್ಟಿದಾಗ ಮಾತ್ರ ಆ ಹನಿ ಒಮ್ಮೆ ದಪ್ಪ ಆಗ್ತಿತ್ತು. ಯಾರಿಗೋ ಮೂರು, ಯಾರಿಗೋ ಎರಡೇ, ಇನ್ನು ಯಾರಿಗೋ ನಾಲ್ಕು.

ನಾನು ಎದುರಿನ ಬೆನ್ನನ್ನೇ ನೋಡ್ತಿದ್ದೆ. ನನ್ನ ಹೆಂಡತಿಗೆ ಮೂರು ಕೇಳಿಸಿದ್ದು ಬೆನ್ನಲ್ಲೇ ಗೊತ್ತಾಯ್ತು, ಗಂಟಿಗೆ ಬಗ್ಗಿದಳು. ಉಸಿರು ಮುಗೀತು. ನೆಟ್ಟಗೆ ಕೂತಳು. ಮತ್ತೆ ಮೂರು. ಮತ್ತೆ ಬಗ್ಗಿದಳು, ಮತ್ತೆ ಮುಗೀತು. ಹಿಂದೆ ಹೊಳೆ ಗೊರಗೊರ ಅಂತಿತ್ತು. ನಿಯಮಕ್ಕೆ ಪ್ರಾಣ ಕೊಡೋ ಹೆಂಗಸು ಮೂರನೇ ಸಲ ಬಗ್ಗಿದವಳು ದಾರವನ್ನ ಹಲ್ಲಲ್ಲೇ ಕಚ್ಚಿ ಕಿತ್ತಳು. ಗಿಳಿಗಳು ಕೆಳಗೆ ಬಿದ್ದವು.

ಆಮೇಲೆ ಅದು ಮೇಲಕ್ಕೆ ಹೋಯ್ತು. ಮೌನಗಾರ ಮಾಡಿಸಿದ ಹಾಗೆ ಧಡ್ ಧಡ್ ಅಂತ ಹೋಗಲಿಲ್ಲ. ಕುಂಟುತ್ತಾ, ಎಡವುತ್ತಾ, ಅರ್ಧ ಚಪ್ಪಾಳೆ ಅರ್ಧ ಸುಳ್ಳು ಸೊಳ್ಳೆಯಾಗಿ ಹೋಯ್ತು. ಕೆಲವು ದಾರೀಲಿ ಸತ್ತವು. ಕೆಲವು ಸುಮ್ಮಸುಮ್ಮನೆ ಹುಟ್ಟಿದವು. ಮೂರನೇ ಸಾಲಿನ ತಾಯಿ ಮಗುವನ್ನ ತಟ್ಟಿದಳು. ನಾಲ್ಕನೇ ಸಾಲಿನವನು ಹಾಸ್ಯ ಇಲ್ಲದೇನೇ ತೊಡೆ ತಟ್ಟಿದ. ಎಲ್ಲೂ ಒಂದೇ ಏಟಾಗಲಿಲ್ಲ. ತೆಳ್ಳಗೇ ಹೊರಟಿದ್ದು ತೆಳ್ಳಗೇ ಹತ್ತಿತು.

ಮೇಲೆ ಗಾಲಿ ಕಿರ್ ಅಂತು. ಮೆಲ್ಲಗೆ. ಬಹಳ ದಿನದ ಮೇಲೆ ಮೆಲ್ಲಗೆ.

ಹಗ್ಗ ನಮ್ಮ ಪಕ್ಕದಲ್ಲೇ ಬಿಗಿದು, ನೀರು ತೊಟ್ಟಿಕ್ಕಿಸ್ತಾ ಮೇಲಕ್ಕೆ ಹರಿದು ಹೋಯ್ತು. ಕೆಳಗೆ ತೆಪ್ಪ ದಡಕ್ಕೆ ತಾಗಿದ ಸದ್ದು. ನಾನು ಕಣ್ಣು ಮುಚ್ಚಿಕೊಂಡೆ. ದಡದವಳು ಕಿರುಚಿದಳು, "ಅಯ್ಯಯ್ಯೋ, ಬರೀ ಜೊಂಡು ಬಂತು!"

ದೂರದಿಂದ, ನೀರಿನ ಮೇಲಿಂದ, ಅಕ್ಕನ ದನಿ ಬಂತು: "ಯಾವನೋ ಅವನು, ನನ್ನ ಬಿಟ್ಟು ಹೊರೆ ಕರೆಸಿಕೊಂಡವನು! ಹತ್ತೋಕೆ ಬಿಡಬಾರದೇನೋ!"

ಯಾವುದೋ ಸುಳ್ಳು ಸೊಳ್ಳೆ ಒಂದು ಗಳಿಗೆ ಮುಂಚೆ ಬಿದ್ದಿತ್ತು. ನಂದೇ ಇರಬಹುದು.

ದಡದವಳು ಹೊರೆ ಎಳೆದು ಹಾಕಿ ತೆಪ್ಪವನ್ನ ಮತ್ತೆ ಬಿಟ್ಟಳು. ಹರಿವು ತೆಪ್ಪವನ್ನ ಒಯ್ಯುತ್ತೆ. ಎಷ್ಟು ಹೊತ್ತು ಒಯ್ಯುತ್ತೆ ಅಂತ ಅವತ್ತು ಗೊತ್ತಾಯ್ತು. ಕೈ ಮಾತ್ರ ಯಾರೂ ನಿಲ್ಲಿಸಲಿಲ್ಲ. ಪಟ ಪಟ, ಚಟ್, ಪಟ ಪಟ. ಕೊನೆಗೆ ಒಂದು ಒದ್ದೆ ಚಪ್ಪಾಳೆ. ಬಹಳ ಸಣ್ಣದು, ಕೈಗಳು ನೀರಿಂದ ಸ್ವಲ್ಪವೇ ಮೇಲಿರಬೇಕು. ಸಾಲು ದಪ್ಪ ಆಯ್ತು. ಮೇಲಿನ ಸಾಲು ದಪ್ಪ ಆಯ್ತು. ಕಿರ್.

ನಾನು ತಿರುಗಿ ನೋಡಲಿಲ್ಲ. ಆ ನಿಯಮವನ್ನ ನಾನು ಮುರಿದಿಲ್ಲ, ಬೇಕಾದರೆ ಹೊಗೆಸೊಪ್ಪಿನವನನ್ನ ಕೇಳಿ. ಒದ್ದೆ ಹೆಜ್ಜೆ ಪಾವಟಿಗೆ ಹತ್ತಿ ಬಂತು. ನನ್ನ ಹಿಂದೆ ನಿಂತಿತು. ನನ್ನ ನೆತ್ತಿ ಮೇಲೆ ರಪ್ಪಂತ ಒಂದು ಏಟು ಬಿತ್ತು. ಅದನ್ನ ಹೊಗೆಸೊಪ್ಪಿನವನೂ ಎಣಿಸಿದ, ರೊಟ್ಟಿಯವಳೂ ಎಣಿಸಿದಳು. ಬರೀ ತೆಪ್ಪ ಇನ್ನೊಂದು ಸಲ ದಡಕ್ಕೆ ಬಂದು ಗುದ್ದಿತು.

ಮರುದಿನ ಹಿರಿಯರ ಮುಂದೆ ನಿಲ್ಲಿಸಿದರು. ಮೌನಗಾರ ಮೆಲ್ಲಗೇ ಮಾತಾಡಿದ. "ನಿಮ್ಮಕ್ಕ ಬಂದಳು, ನನಗೂ ಸಂತೋಷವೇ. ಆದರೆ ತೆಪ್ಪ ಎರಡು ಸಲ ಸುಮ್ಮನೆ ಬಂತು."

"ನಿಮ್ಮ ಮೌನದಲ್ಲಿ ಒಂದು ಸಲವೂ ಬರ್ತಿರಲಿಲ್ಲ" ಅಂದೆ.

"ಹಾಗಾದರೆ ಎಷ್ಟು ಗದ್ದಲ ಇರಬೇಕು, ಹೇಳು. ಅಷ್ಟನ್ನೇ ಇಡಿಸೋಣ."

ಒಳ್ಳೇ ಪ್ರಶ್ನೆ. ನಾನು ಯೋಚಿಸಿದೆ. "ಗೊತ್ತಿಲ್ಲ" ಅಂದೆ. "ಹೋದ ವರ್ಷದಷ್ಟು ಬೇಡ. ನಿಮ್ಮಷ್ಟು ಕಮ್ಮಿಯೂ ಬೇಡ. ಆದರೆ ಯಾರೂ ಕರೆಯದೇ ತೆಪ್ಪ ಬಂದರೆ ದಡದವಳಿಗೆ ಬೇಸರ. ಕರೆದಾಗ ಬರದಿದ್ದರೆ ನಮ್ಮಕ್ಕನಿಗೆ ಸಾವು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ."

ನೀರಿಗೆ ಬಿದ್ದಿದ್ದ ಹಿರಿಯರು ಕೆಮ್ಮಿದರು. ಮೌನಗಾರ ಜೇಷ್ಠಮಧು ಕೊಟ್ಟ. ಹಿರಿಯರು ತೀರ್ಪು ಹೇಳಿದರು: ಚೀಲ ಹಾಕಿಕೋ, ಇಲ್ಲ ಅಂದರೆ ನಿನ್ನ ಕಲ್ಲನ್ನ ಮಗುಚಿ ಹಾಕ್ತೀವಿ. ನಮ್ಮೂರಲ್ಲಿ ಕಲ್ಲು ಮಗುಚಿದರೆ ಬದುಕಿದ್ದೂ ಇಲ್ಲದ ಹಾಗೆ. ಅವನಿಗೆ ಯಾರೂ ಹೆಣ್ಣು ಕೊಡಲ್ಲ. ನನಗೆ ಈಗಾಗಲೇ ಕೊಟ್ಟಿದ್ದರು, ಅಷ್ಟು ಧೈರ್ಯ.

"ಮಗುಚಿ" ಅಂದೆ.

ನಾಲ್ಕು ಜನ ಸೇರಿ ಮಗುಚಿದರು. ಅಡಿ ಮೇಲಾಯ್ತು. ನಮ್ಮ ತಾತ ಮುತ್ತಾತಂದಿರು ಕೂತು ಕೂತು ನಯ ಮಾಡಿದ್ದ ಮುಖ ಮಣ್ಣಿಗೆ ಹೋಯ್ತು. ಇನ್ನು ಹೊರಟು ಹೋಗ್ತಾನೆ ಅಂತ ಎಲ್ಲರೂ ಕಾಯ್ತಿದ್ದರು. ನಾನು ಹೋಗಿ ಅದರ ಮೇಲೇ ಕೂತೆ. ಬರೀ ಕೈ ತೊಡೆ ಮೇಲಿಟ್ಟುಕೊಂಡೆ. ಎಬ್ಬಿಸೋಕೆ ಇನ್ನೊಂದು ನಿಯಮ ಬೇಕಿತ್ತು, ಅದನ್ನ ಅವರಿನ್ನೂ ಮಾಡಿರಲಿಲ್ಲ.

ಮಗುಚಿದ ಕಲ್ಲಿಗೆ ಅಡಿ ಸಮ ಇರಲ್ಲ. ನಾನು ಉಸಿರು ತಗೊಂಡರೆ ಟಕ್. ಉಸಿರು ಬಿಟ್ಟರೆ ಟಕ್. ಕೈಯನ್ನ ಚೀಲಕ್ಕೆ ಹಾಕಬಹುದು. ಕಲ್ಲನ್ನ ಯಾವ ಚೀಲಕ್ಕೆ ಹಾಕ್ತಾರೆ? ಮೌನಗಾರ ಬಂದು ನೋಡಿದ. ಅಡಿಗೆ ಹತ್ತಿ ತುರುಕಿದ. ಹತ್ತಿ ಒಂದು ಕಡೆಗೆ ಆಯ್ತು, ಟಕ್ ಇನ್ನೊಂದು ಕಡೆಗೆ ಹೋಯ್ತು. ಸಂಜೆ ತನಕ ತುರುಕಿದ, ಸಂಜೆ ತನಕ ಟಕ್ ಅಂತು. ಅವನು ಹೋದ ಮೇಲೆ ಹೊಗೆಸೊಪ್ಪಿನವನು ತುಟಿ ಅಲ್ಲಾಡಿಸದೇ ಅಂದ, "ಅಣ್ಣಾ, ಅವರಿಗೆ ಹೇಳಿ ನನ್ನದನ್ನೂ ಮಗುಚಿಸಿಕೊಡ್ತೀಯಾ?"

ಮನೆಗೆ ಬಂದೆ. ಅಕ್ಕ ಮೂಲೆಯಲ್ಲಿ ಜೊಂಡು ಹರವಿಕೊಂಡು, ಒದ್ದೆಯಾದರೆ ಚಾಪೆ ನಾರುತ್ತೆ ಅಂತ ನನ್ನನ್ನ ಬೈತಿದ್ದಳು. ಚೀಲ ಒಲೆಗೆ ಹಾಕಿದ್ದು ಆಗಲೇ. ಹೆಂಡತಿ ಅದು ಉರಿದು ಬೂದಿ ಆಗೋ ತನಕ ನೋಡ್ತಾ ನಿಂತಳು. ಏನೂ ಅನ್ನಲಿಲ್ಲ. ಊಟಕ್ಕೆ ಬಡಿಸಿದಳು, ಅನ್ನಲಿಲ್ಲ. ಎಲೆ ಎತ್ತಿದಳು, ಅನ್ನಲಿಲ್ಲ. ಇವಳು ಇನ್ನು ಈ ಜನ್ಮದಲ್ಲಿ ನನ್ನ ಹತ್ತಿರ ಮಾತಾಡಲ್ಲ ಅಂದುಕೊಂಡು ಕೈ ತೊಳೆಯೋಕೆ ಎದ್ದೆ.

"ರೀ" ಅಂದಳು. "ನಾಳೆ ಆ ನಾಲ್ಕು ಜನ ಸಿಕ್ಕಿದರೆ ಹೇಳಿ, ಎರಡನೇ ಸಾಲಿಗೂ ಬಂದು ಹೋಗಲಿ. ನೀವೊಬ್ಬರೇ ಅಲ್ಲಾಡ್ತಾ ಕೂತರೆ ನಮಗೆ ಕೇಳಿಸಲ್ಲ."